ಬೈಗುಳ ಬೇಡ, ಸೀಟಿನ ಕೆಳಗೆ ಬಿದ್ದ ಮೊಬೈಲ್ ಬೇಕು

ನಮಸ್ಕಾರ,

ಯುವಕರ ಡ್ರೈವಿಂಗ್ ಮತ್ತು ಅಪಘಾತದ ಬಗ್ಗೆ ನೀವು ಕಳಿಸಿದ 'ಯುವಜನರೇ, ಎಚ್ಚರ!' ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಕೈತೊಳೆದುಕೊಳ್ಳುವಂಥ ಬರಹವೂ ಅಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಪೂರ್ತಿ ಬೈಗುಳ. ಇಂದಿನ ಹುಡುಗರಿಗೆ ಶಿಸ್ತಿಲ್ಲ, ಮೊಬೈಲ್ ಬಿಟ್ಟಿರಲಾರರು, ಅಪ್ಪ ಕೊಡಿಸಿದ ಕಾರು, ಬೆಲೆ ಗೊತ್ತಿಲ್ಲ, ಹೀಗೆ. ನಿಮಗಿನ್ನೂ ಇಪ್ಪತ್ತೆರಡು ಅಂತ ನಿಮ್ಮ ಪರಿಚಯದಲ್ಲೇ ಇದೆ. ಯಾರ ದನಿಯಲ್ಲಿ ಬೈಯುತ್ತಿದ್ದೀರಿ? ಯಾವುದೋ ಸಮಾರಂಭದ ಅಧ್ಯಕ್ಷರ ಭಾಷಣ ಕೇಳಿದ ಹಾಗಾಯಿತು. ಅಷ್ಟನ್ನೂ ಹೊಡೆದುಹಾಕಿ.

ಇನ್ನು ಅಂಕಿಅಂಶ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವರಲ್ಲಿ ಮೂರರಲ್ಲಿ ಎರಡು ಪಾಲು 18ರಿಂದ 45 ವರ್ಷದವರು, ಹಾಗಾಗಿ ಯುವಕರ ಡ್ರೈವಿಂಗೇ ಕಾರಣ ಎಂದಿದ್ದೀರಿ. ಸಂಖ್ಯೆ ಸರಿ, ತೀರ್ಮಾನ ತಪ್ಪು. ನೀವು ಕೊಟ್ಟಿರುವುದು ಸತ್ತವರ ವಯಸ್ಸು. ಸ್ಟೇರಿಂಗ್ ಹಿಡಿದಿದ್ದವರ ವಯಸ್ಸು ಅದರಲ್ಲಿ ಸಿಗುವುದಿಲ್ಲ. ಆ ವರ್ಷ ಸತ್ತವರಲ್ಲಿ ಶೇ 44.5ರಷ್ಟು ಜನ ಬೈಕು, ಸ್ಕೂಟರ್ ಮೇಲಿದ್ದವರು. ಶೇ 19.5ರಷ್ಟು ಜನ ನಡೆದು ಹೋಗುತ್ತಿದ್ದವರು. ನಿಮ್ಮ ಲೇಖನವೋ ಕಾರಿನ ಬಗ್ಗೆ. ಅದೂ ಅಲ್ಲದೆ, 45 ತುಂಬಿದವರೂ ಯುವಕರೇ ಆದರೆ ನನಗೂ ಖುಷಿಯೇ!

ವಯಸ್ಸಿಗೂ ಅಪಘಾತಕ್ಕೂ ಸಂಬಂಧ ಹೇಳಬೇಕಾದರೆ ಯಾವ ವಯಸ್ಸಿನವರು ಎಷ್ಟು ದೂರ ಗಾಡಿ ಓಡಿಸಿದರು ಎಂಬ ಲೆಕ್ಕ ಬೇಕು. ಅಮೆರಿಕದಲ್ಲಿ ಅದನ್ನು ಇಟ್ಟಿದ್ದಾರೆ. ಓಡಿಸಿದ ದೂರಕ್ಕೆ ತಾಳೆ ಹಾಕಿದರೆ, ಜೀವ ಹೋಗುವಂಥ ಅಪಘಾತ 16ರಿಂದ 19ರವರಲ್ಲಿ ದೊಡ್ಡವರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ. ನಡುವಯಸ್ಸಿನಲ್ಲಿ ಇಳಿಯುತ್ತದೆ. ಎಪ್ಪತ್ತು ದಾಟಿದ ಮೇಲೆ ಮತ್ತೆ ಏರುತ್ತದೆ. ಹಾಗಾಗಿ 'ಹಿರಿಯರಷ್ಟು ಸುರಕ್ಷಿತ ಚಾಲಕರಿಲ್ಲ' ಎಂಬ ಸಾಲೂ ನಿಲ್ಲುವುದಿಲ್ಲ. ಹಾಗಂತ ಅಜ್ಜಂದಿರನ್ನು ಬೈಯಲು ಹೊರಡಬೇಡಿ. ಇಪ್ಪತ್ತರ ಹುಡುಗ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬರುವ ಪೆಟ್ಟನ್ನು ಎಪ್ಪತ್ತೈದರ ದೇಹ ತಡೆಯುವುದಿಲ್ಲ. ಅವರ ಸಾವಿನ ಲೆಕ್ಕ ಏರುವುದಕ್ಕೆ ಇದು ದೊಡ್ಡ ಕಾರಣ. ಇದಕ್ಕೆ ಎರಡು ಸಾಲು ಸಾಕು.

ಈಗ ನಾಲ್ಕನೇ ಪುಟಕ್ಕೆ ಬನ್ನಿ. ಲೈಸೆನ್ಸ್ ಸಿಕ್ಕಿ ಮೂರು ತಿಂಗಳಾದ ನಿಮ್ಮ ಚಿಕ್ಕಪ್ಪನ ಮಗ ಕಾರು ಓಡಿಸುತ್ತಿದ್ದಾನೆ. ತಿರುವಿನಲ್ಲಿ ಡ್ಯಾಶ್‌ಬೋರ್ಡ್ ಮೇಲಿದ್ದ ಮೊಬೈಲ್ ಜಾರಿ ಪಕ್ಕದ ಸೀಟಿನ ಕೆಳಗೆ ಬೀಳುತ್ತದೆ. ಬಗ್ಗಿ ಕೈಹಾಕುತ್ತಾನೆ. ಎಡಗಡೆ ಚಕ್ರ ಮೋರಿಯ ಕಟ್ಟೆ ಹತ್ತುತ್ತದೆ. 'ಮೊಬೈಲ್ ಆಗ ರಿಂಗ್ ಕೂಡ ಆಗುತ್ತಿರಲಿಲ್ಲ' ಎಂದು ಬರೆದಿದ್ದೀರಲ್ಲ, ಈ ಪತ್ರ ಬರೆಯಲು ಕೂತಿದ್ದೇ ಆ ಸಾಲಿನಿಂದ. ಆದರೆ ನೀವು ಅಲ್ಲಿ ನಿಲ್ಲಲೇ ಇಲ್ಲ. 'ಇದೇ ನಿರ್ಲಕ್ಷ್ಯದ ಫಲ' ಎಂದು ಷರಾ ಬರೆದು ಮುಂದೆ ಹೋದಿರಿ.

ನಿಂತಿದ್ದರೆ ಏನು ಸಿಗುತ್ತಿತ್ತು ಹೇಳುತ್ತೇನೆ. ಅಮೆರಿಕದ ವರ್ಜೀನಿಯಾದಲ್ಲಿ ಆಗಷ್ಟೇ ಲೈಸೆನ್ಸ್ ಪಡೆದ 42 ಹುಡುಗ ಹುಡುಗಿಯರ ಕಾರಿನಲ್ಲಿ ಕ್ಯಾಮೆರಾ ಇಟ್ಟು ನೋಡಿದರು. ನುರಿತ 109 ಚಾಲಕರ ದಾಖಲೆಯ ಜತೆ ಹೋಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಸಬರು ಮೊಬೈಲಿಗೆ ಕೈಚಾಚಿದಾಗ ಅಪಘಾತದ ಅಥವಾ ಸ್ವಲ್ಪದರಲ್ಲಿ ತಪ್ಪುವ ಅಪಘಾತದ ಸಂಭವ ಸುಮಾರು 7 ಪಟ್ಟು ಏರಿತ್ತು. ನಂಬರ್ ಒತ್ತುವಾಗ 8 ಪಟ್ಟು. ಅದೇ ನಂಬರ್ ಒತ್ತುವ ಕೆಲಸಕ್ಕೆ ನುರಿತವರಲ್ಲಿ ಎರಡೂವರೆ ಪಟ್ಟು. ಅವರೂ ಸಾಚಾಗಳಲ್ಲ, ಆದರೆ ವ್ಯತ್ಯಾಸ ಎಷ್ಟಿದೆ ನೋಡಿ. ನಿಮ್ಮ ತಮ್ಮನ ಕಥೆಯೇ ಅಲ್ವಾ ಇದು?

ನನಗೆ ಹೆಚ್ಚು ತಟ್ಟಿದ್ದು ಇನ್ನೊಂದು ಅಂಶ. ಆ ಹೊಸಬರು ಮೊದಮೊದಲು ಇಂಥ ಕೆಲಸಕ್ಕೆ ಅಷ್ಟಾಗಿ ಕೈಹಾಕುತ್ತಿರಲಿಲ್ಲ. ತಿಂಗಳು ಕಳೆದ ಹಾಗೆ ಅದು ಜಾಸ್ತಿಯಾಗುತ್ತಾ ಹೋಯಿತು. ಕೈ ಪಳಗುವ ಮೊದಲೇ ಭಯ ಬಿಟ್ಟುಹೋಗಿತ್ತು. ನಿಮ್ಮ ತಮ್ಮನನ್ನು ಕೂರಿಸಿಕೊಂಡು ಕೇಳಿ: ಮೊದಲ ವಾರ ಕಾರು ಓಡಿಸುವಾಗ ಮೊಬೈಲ್ ಎಲ್ಲಿಡುತ್ತಿದ್ದ? ಜೇಬಿನಲ್ಲೋ, ಬ್ಯಾಗಿನಲ್ಲೋ? ಡ್ಯಾಶ್‌ಬೋರ್ಡ್ ಮೇಲೆ ಯಾವಾಗ ಬಂತು? ಎಷ್ಟು ಸ್ಪೀಡಿನಲ್ಲಿದ್ದ ಎಂದೂ ಕೇಳಿ. ಗಂಟೆಗೆ 60 ಕಿ.ಮೀ. ಅಂದರೆ, ಎರಡು ಸೆಕೆಂಡ್ ಬಗ್ಗಿದ್ದಾಗ ಕಾರು ಸುಮಾರು 33 ಮೀಟರ್ ಹೋಗಿರುತ್ತದೆ. ಇಷ್ಟು ಬರೆದರೆ ಉಪದೇಶದ ಅಗತ್ಯವೇ ಬೀಳುವುದಿಲ್ಲ.

'ಬ್ಲೂಟೂತ್ ಇದ್ದರೆ ಅಪಾಯವಿಲ್ಲ' ಎಂದು ಒಂದೇ ಏಟಿಗೆ ತೀರ್ಪು ಕೊಟ್ಟಿದ್ದೀರಿ. ಫೋನಿನಲ್ಲಿ ಸುಮ್ನೆ ಮಾತಾಡುವುದರಿಂದ ಅಪಾಯ ಏರಿದ್ದು ವರ್ಜೀನಿಯಾದ ಆ ಅಧ್ಯಯನದಲ್ಲಿ ಕಾಣಲಿಲ್ಲ, ನಿಜ. ಆದರೆ ಕೆನಡಾದ ಟೊರೊಂಟೊದಲ್ಲಿ ಅಪಘಾತ ಮಾಡಿಕೊಂಡ 699 ಚಾಲಕರ ಫೋನ್ ಬಿಲ್ ತೆಗೆದು ನೋಡಿದ ಅಧ್ಯಯನವೊಂದಿದೆ, 1997ರದ್ದು. ಅದರಲ್ಲಿ ಫೋನ್ ಬಳಸುವಾಗಿನ ಅಪಾಯ ಸುಮಾರು ನಾಲ್ಕು ಪಟ್ಟು. ಫೋನ್ ಕೈಯಲ್ಲಿ ಹಿಡಿಯದೆ ಮಾತಾಡುವ ಹ್ಯಾಂಡ್ಸ್‌ಫ್ರೀ ಇದ್ದವರಿಗೂ ಅಪಾಯದಲ್ಲಿ ರಿಯಾಯಿತಿ ಸಿಕ್ಕಿರಲಿಲ್ಲ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಹೊಂದದಿದ್ದರೆ ಹೊಂದುವುದಿಲ್ಲ ಅಂತಲೇ ಬರೆಯಿರಿ, ಓದುಗರು ದಡ್ಡರಲ್ಲ.

ಕಾನೂನಿನ ಪುಟದಲ್ಲಿ ದಂಡದ ಪಟ್ಟಿ ತೆಗೆಯಿರಿ. ಅದರ ಬದಲು ಇದನ್ನು ಹೇಳಿ: ನಮ್ಮಲ್ಲಿ ಎಲ್‌ಎಲ್‌ಆರ್ ಸಿಕ್ಕಿ 30 ದಿನವಾದರೆ ಡಿಎಲ್ ಟೆಸ್ಟಿಗೆ ಹೋಗಬಹುದು. ಡಿಎಲ್ ಕೈಗೆ ಬಂದ ರಾತ್ರಿಯೇ ನಾಲ್ವರು ಗೆಳೆಯರನ್ನು ಕೂರಿಸಿಕೊಂಡು ಮೈಸೂರು ಹೈವೇ ಹತ್ತಿದರೂ ತಡೆಯುವ ನಿಯಮ ಇಲ್ಲ. ನ್ಯೂಜಿಲೆಂಡಿನಲ್ಲಿ 1987ರಲ್ಲೇ ಹಂತಹಂತದ ಲೈಸೆನ್ಸ್ ತಂದರು. ಅಲ್ಲಿ ಹೊಸಬರು ಪಕ್ಕದಲ್ಲಿ ಅನುಭವಿಗಳಿಲ್ಲದೆ ತಡರಾತ್ರಿ ಓಡಿಸುವಂತಿಲ್ಲ, ಗೆಳೆಯರನ್ನು ಹತ್ತಿಸಿಕೊಳ್ಳುವಂತಿಲ್ಲ.

ತಮ್ಮನಿಂದಲೇ ಶುರು ಮಾಡಿ. ಅವನ ಒಪ್ಪಿಗೆ ಕೇಳಿ, ಹೆಸರು ಬದಲಿಸಿ. 900 ಪದ ಮೀರಬೇಡಿ. ಶೀರ್ಷಿಕೆಯಲ್ಲಿ 'ಎಚ್ಚರ' ಬೇಡ, ಆಶ್ಚರ್ಯಸೂಚಕ ಚಿಹ್ನೆಯಂತೂ ಬೇಡವೇ ಬೇಡ. ನಜ್ಜುಗುಜ್ಜಾದ ಕಾರಿನ ಫೋಟೊ ಕಳಿಸಿದ್ದೀರಿ, ಅದನ್ನು ಹಾಕುವುದಿಲ್ಲ. ಮುಂದಿನ ತಿಂಗಳು ಹತ್ತನೇ ತಾರೀಖಿನೊಳಗೆ ತಿದ್ದಿ ಕಳಿಸಿದರೆ ಅದೇ ವಾರ ಓದಿ ತಿಳಿಸುತ್ತೇನೆ.

ಇಂತಿ,
ಸಂಪಾದಕ