ಹೆಸರಿನ ಕಾಲೇಜೋ, ಶುಲ್ಕ ಮನ್ನಾ ಆದ ಸೀಟೋ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಪ್ರಶ್ನೆ: ನಮ್ಮದು ಗುಬ್ಬಿ ತಾಲ್ಲೂಕಿನ ಹಳ್ಳಿ. ತೆಂಗು, ಜೊತೆಗೆ ಸ್ವಲ್ಪ ಅಡಿಕೆ. ಆದಾಯ ಪ್ರಮಾಣಪತ್ರದಲ್ಲಿ ವರ್ಷಕ್ಕೆ 3.2 ಲಕ್ಷ ಎಂದಿದೆ, ನಿಜಕ್ಕೂ ಹೆಚ್ಚುಕಮ್ಮಿ ಅಷ್ಟೇ. ಮಗಳಿಗೆ ಕಾಮೆಡ್-ಕೆ (ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ) ಮೂಲಕ ಬೆಂಗಳೂರಿನ ದೊಡ್ಡ ಹೆಸರಿನ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕಿದೆ. ಬೋಧನಾ ಶುಲ್ಕ ವರ್ಷಕ್ಕೆ 2.6 ಲಕ್ಷ, ಹಾಸ್ಟೆಲ್ 1.3 ಲಕ್ಷ. ಅದೇ ಬ್ರಾಂಚಿಗೆ ತುಮಕೂರಿನ ಒಂದು ಕಾಲೇಜು ಅಂಕಪಟ್ಟಿ ನೋಡಿ ಬೋಧನಾ ಶುಲ್ಕ ಪೂರ್ತಿ ಮನ್ನಾ ಎಂದಿದೆ, ಇತರೆ ಶುಲ್ಕ ವರ್ಷಕ್ಕೆ 38,000 ಕಟ್ಟಬೇಕು. ಬ್ಯಾಂಕಿನವರು 10 ಲಕ್ಷ ಸಾಲ ಕೊಡಬಹುದಂತೆ. ‘ಬೆಂಗಳೂರು ಸೀಟು ಬಿಟ್ಟರೆ ಮತ್ತೆ ಸಿಗುತ್ತಾ?’ ಎಂದು ನೆಂಟರೆಲ್ಲ ಕೇಳುತ್ತಿದ್ದಾರೆ. ಏನು ಮಾಡಲಿ?
– ಒಬ್ಬ ತಂದೆ, ಗುಬ್ಬಿ ತಾಲ್ಲೂಕು

ಉತ್ತರ: ನಮ್ಮ ಒಲವು ತುಮಕೂರಿನ ಕಡೆಗೆ. ಆದರೆ ಆ ಕಾಲೇಜು ಕೊಟ್ಟಿರುವ ಪತ್ರವನ್ನು ಸಾಲುಸಾಲಾಗಿ ಓದುವವರೆಗೆ ಹೌದು ಎನ್ನಬೇಡಿ.

ಮೊದಲು ನಾಲ್ಕು ವರ್ಷದ ಲೆಕ್ಕ. ಬೆಂಗಳೂರಿನಲ್ಲಿ ವರ್ಷಕ್ಕೆ 3.9 ಲಕ್ಷ, ನಾಲ್ಕು ವರ್ಷಕ್ಕೆ 15.6 ಲಕ್ಷ. ಹಾಸ್ಟೆಲ್ ದರ ಪ್ರತಿವರ್ಷ ಏರುವುದನ್ನು ಇದರಲ್ಲಿ ಸೇರಿಸಿಲ್ಲ. ತುಮಕೂರಿನಲ್ಲಿ 38,000ದಂತೆ 1.52 ಲಕ್ಷ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿ.ಮೀ., ಮನೆಯಿಂದಲೇ ಓಡಾಡಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಮಗಳಿಗೆ ಟಿಕೆಟ್ ಖರ್ಚೂ ಇಲ್ಲ. ಲ್ಯಾಪ್‌ಟಾಪ್, ಪುಸ್ತಕ ಎರಡೂ ಕಡೆ ಬೇಕಾಗುತ್ತದೆ, ಅದನ್ನು ಬಿಡಿ. ವ್ಯತ್ಯಾಸ 14 ಲಕ್ಷ.

ಈಗ ಸಾಲ. ವರ್ಷಕ್ಕೆ 2.5 ಲಕ್ಷದಂತೆ ನಾಲ್ಕು ಸಲ ಎತ್ತಿದಿರಿ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಓದಿನ ನಾಲ್ಕು ವರ್ಷ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ನಿಲ್ಲುವುದಿಲ್ಲ. ಮೊದಲ ವರ್ಷ ಎತ್ತಿದ ಹಣಕ್ಕೆ ಐದು ವರ್ಷದ ಬಡ್ಡಿ, ಕೊನೆಯದಕ್ಕೆ ಎರಡು ವರ್ಷದ್ದು. ಎಲ್ಲ ಸೇರಿ 3.5 ಲಕ್ಷ. ಅಲ್ಲಿಗೆ ಸಾಲ 13.5 ಲಕ್ಷ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 17,800 ರೂಪಾಯಿ. ಇದಲ್ಲದೆ ಸಾಲಕ್ಕೆ ಸೇರದ 5.6 ಲಕ್ಷವನ್ನು, ಅಂದರೆ ವರ್ಷಕ್ಕೆ 1.4 ಲಕ್ಷವನ್ನು, ನೀವು ತೋಟದ ಆದಾಯದಿಂದಲೇ ಹೊಂದಿಸಬೇಕು. 3.2 ಲಕ್ಷದಲ್ಲಿ 1.4 ಲಕ್ಷ! ಕಾಯಿ ಬೆಲೆ ಬಿದ್ದ ವರ್ಷ ಇದು ಹೇಗಾಗುತ್ತದೆ ಎಂದು ನಿಮಗೇ ಹೇಳಬೇಕಿಲ್ಲ.

ನಿಮಗೆ ಒಂದು ಅನುಕೂಲವಿದೆ, ಅದನ್ನು ಬ್ಯಾಂಕಿನವರು ತಾವಾಗಿ ಹೇಳದೆಯೂ ಇರಬಹುದು. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು ಮಕ್ಕಳು ವೃತ್ತಿಪರ ಕೋರ್ಸ್ ಓದುತ್ತಿದ್ದರೆ, ಅರ್ಹ ಕಾಲೇಜಿನ ಮಟ್ಟಿಗೆ, ಕಂತಿಲ್ಲದ ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ ಇದೆ. ಅದು ಸಿಕ್ಕರೆ ಸಾಲ 10 ಲಕ್ಷದಲ್ಲೇ ನಿಲ್ಲುತ್ತದೆ, ಕಂತು ಸುಮಾರು 13,200ಕ್ಕೆ ಇಳಿಯುತ್ತದೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಅಡಮಾನವಾಗಲಿ ಜಾಮೀನಾಗಲಿ ಇಲ್ಲದೆ ಸಾಲ ಸಿಗುತ್ತದೆ. ಮ್ಯಾನೇಜ್‌ಮೆಂಟ್ ಕೋಟಾಗೆ ಸಿಗುವುದಿಲ್ಲ. ಕಾಲೇಜು ಆ ಪಟ್ಟಿಯಲ್ಲಿ ಇಲ್ಲದಿದ್ದರೆ 7.5 ಲಕ್ಷ ದಾಟಿದ ಸಾಲಕ್ಕೆ ಅಡಮಾನ ಕೇಳುತ್ತಾರೆ. ಆಗ ತೋಟದ ಪಹಣಿ ಹಿಡಿದುಕೊಂಡು ಹೋದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಸಾಲ ವಸೂಲಿಗೆ ಬ್ಯಾಂಕುಗಳು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ, ಅದಕ್ಕೇ ಮನೆ ಅಥವಾ ನಿವೇಶನದ ಪತ್ರ ಕೇಳುತ್ತಾರೆ. ‘ಸಿಗಬಹುದು’ ಎಂದವರಿಂದ ಮಂಜೂರಾತಿ ಪತ್ರವನ್ನೇ ಕೇಳಿ.

ಇನ್ನು ತುಮಕೂರಿನ ಪತ್ರ. ಪತ್ರ ಎಂದರೆ ಕಾಲೇಜಿನ ಲೆಟರ್‌ಹೆಡ್, ಉಲ್ಲೇಖ ಸಂಖ್ಯೆ, ಪ್ರಾಂಶುಪಾಲರ ಅಥವಾ ಕಾರ್ಯದರ್ಶಿಯ ಸಹಿ, ಮೊಹರು ಇರುವಂಥದ್ದು. ಅಡ್ಮಿಷನ್ ಮಾಡಿಸುವವರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಚಿತ್ರ ಪತ್ರವಲ್ಲ. ಮನ್ನಾ ಒಂದೇ ವರ್ಷಕ್ಕೋ ನಾಲ್ಕಕ್ಕೋ ನೋಡಿ. ‘ಮೊದಲ ವರ್ಷದ ಬೋಧನಾ ಶುಲ್ಕ’ ಎಂದು ಸಣ್ಣ ಅಕ್ಷರದಲ್ಲಿ ಇದ್ದರೆ ಉಳಿದ ಮೂರು ವರ್ಷಕ್ಕೆ ನಿಮ್ಮ ಕೈಯಲ್ಲಿ ಏನೂ ಇಲ್ಲ. 38,000 ಎಂಬುದರಲ್ಲಿ ವಿಶ್ವವಿದ್ಯಾಲಯದ ಶುಲ್ಕ, ಪರೀಕ್ಷಾ ಶುಲ್ಕ, ‘ಕೌಶಲ ತರಬೇತಿ’ ಶುಲ್ಕ ಸೇರಿವೆಯೇ ಎಂದು ಬರೆಸಿಕೊಳ್ಳಿ. ಬೋಧನಾ ಶುಲ್ಕ ಬಿಟ್ಟ ಕಡೆ ಈ ಮೂರನೆಯದು ಊದಿಕೊಳ್ಳುವುದುಂಟು.

ನವೀಕರಣದ ಷರತ್ತಿನಲ್ಲೇ ಹೆಚ್ಚಿನ ಮಕ್ಕಳು ಎಡವುವುದು. ಸಿಜಿಪಿಎ (ಈವರೆಗಿನ ಎಲ್ಲ ಸೆಮಿಸ್ಟರಿನ ಸರಾಸರಿ) ಕೇಳಿದ್ದಾರೋ, ಪ್ರತಿ ಸೆಮಿಸ್ಟರಿನ ಎಸ್‌ಜಿಪಿಎ (ಆ ಒಂದು ಸೆಮಿಸ್ಟರಿನ ಸರಾಸರಿ) ಕೇಳಿದ್ದಾರೋ ಎಂಬುದರಲ್ಲಿ ಅಜಗಜಾಂತರವಿದೆ. ಎರಡು ಸೆಮಿಸ್ಟರಿನ ಕ್ರೆಡಿಟ್ ಸಮ ಎಂದುಕೊಳ್ಳಿ: ಮೊದಲನೆಯದರಲ್ಲಿ 8.4, ಎರಡನೆಯದರಲ್ಲಿ 7.4 ಬಂದರೆ ಸಿಜಿಪಿಎ 7.9. ಷರತ್ತು 7.5 ಇದ್ದರೆ ಪಾರು, 8 ಇದ್ದರೆ 0.1ರಲ್ಲಿ ಸೋಲು. ಎಸ್‌ಜಿಪಿಎ ಷರತ್ತಾದರೆ 7.5 ಎಂದಿದ್ದರೂ ಎರಡನೇ ಸೆಮಿಸ್ಟರಿಗೇ ಹೋಯಿತು. ಪಿಯುಸಿಯಲ್ಲಿ 95 ತೆಗೆದ ಮಕ್ಕಳೂ ಮೊದಲ ವರ್ಷದ ಗಣಿತದಲ್ಲಿ ಜಾರುತ್ತಾರೆ, ಸೆಮಿಸ್ಟರಿನ ವೇಗಕ್ಕೆ ಒಗ್ಗಿಕೊಳ್ಳಲು ಸಮಯ ಬೇಕು. ಒಂದು ಬ್ಯಾಕ್‌ಲಾಗ್ ಬಂದರೆ ರದ್ದೋ, ಮರುಪರೀಕ್ಷೆಯಲ್ಲಿ ಪಾಸಾದರೆ ಉಳಿಯುತ್ತದೋ, ಒಮ್ಮೆ ಕಳೆದುಕೊಂಡದ್ದು ಮುಂದಿನ ವರ್ಷ ಮರಳುತ್ತದೋ, ಮಧ್ಯದಲ್ಲಿ ಕಾಲೇಜು ಬಿಟ್ಟರೆ ಮನ್ನಾ ಆದದ್ದನ್ನು ಹಿಂತಿರುಗಿಸಬೇಕೋ ಎಂಬ ಪ್ರಶ್ನೆಗಳಿಗೂ ಉತ್ತರ ಪತ್ರದಲ್ಲೇ ಇರಲಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಶೇ. 85 ಹಾಜರಾತಿ ಹೇಗೂ ಕಡ್ಡಾಯ.

ಕೈತಪ್ಪಿದರೆ ಎಷ್ಟು ಕಟ್ಟಬೇಕು ಎಂಬ ಮೊತ್ತವನ್ನೂ ಕೇಳಿ. ಅದು ವರ್ಷಕ್ಕೆ 1.5 ಲಕ್ಷ ಎಂದಿಟ್ಟುಕೊಂಡರೆ, ಮೊದಲ ವರ್ಷದ ಕೊನೆಗೇ ಮನ್ನಾ ಹೋದರೂ ಮೂರು ವರ್ಷಕ್ಕೆ 4.5 ಲಕ್ಷ, ಇತರೆ ಶುಲ್ಕ ಸೇರಿ 6.02 ಲಕ್ಷ. ಬೆಂಗಳೂರಿನ ಅರ್ಧದಷ್ಟೂ ಆಗಲಿಲ್ಲ. ನಮ್ಮ ಒಲವಿಗೆ ಮುಖ್ಯ ಕಾರಣ ಇದು: ಕೆಟ್ಟದ್ದೇ ಆದರೂ ಮನೆ ತಡೆದುಕೊಳ್ಳುತ್ತದೆ.

ಹೆಸರಿಗೆ ಬೆಲೆಯೇ ಇಲ್ಲವೇ? ಇದೆ. ಹೆಚ್ಚು ಕಂಪನಿಗಳು ಬರುತ್ತವೆ, ಇಂಟರ್ನ್‌ಶಿಪ್ ಊರಲ್ಲೇ ಸಿಗುತ್ತದೆ, ಜೊತೆಗೆ ಓದುವವರ ಪೈಪೋಟಿ ಜೋರು. ಅದು 14 ಲಕ್ಷದಷ್ಟಿದೆಯೇ ಎಂಬುದನ್ನು ‘ಅತ್ಯಧಿಕ ಪ್ಯಾಕೇಜ್’ ಎಂಬ ಫ್ಲೆಕ್ಸ್ ನೋಡಿ ಅಳೆಯಬೇಡಿ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕಿದ ಕಾಲೇಜುಗಳು ಸಲ್ಲಿಸಿದ ಮಾಹಿತಿ ಅವುಗಳ ಜಾಲತಾಣದಲ್ಲೇ ಇರುತ್ತದೆ. ಎಷ್ಟು ಮಂದಿ ಸೇರಿದರು, ನಿಗದಿತ ಅವಧಿಯಲ್ಲಿ ಎಷ್ಟು ಮಂದಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಮಧ್ಯಮ ಸಂಬಳ (ಅರ್ಧ ಮಂದಿಗೆ ಅದಕ್ಕಿಂತ ಹೆಚ್ಚು, ಅರ್ಧ ಮಂದಿಗೆ ಕಡಿಮೆ ಸಿಗುವ ಮೊತ್ತ) ಎಷ್ಟು ಎಂದು ಅದರಲ್ಲಿದೆ. ಎರಡೂ ಕಾಲೇಜಿನ ಮಧ್ಯಮ ಸಂಬಳ ಪಕ್ಕಪಕ್ಕ ಇಡಿ. ಆದರೆ ಅದು ಎಲ್ಲ ಬ್ರಾಂಚು ಸೇರಿದ ಅಂಕಿ, ಎಲೆಕ್ಟ್ರಾನಿಕ್ಸ್‌ನದ್ದನ್ನು ಪ್ಲೇಸ್‌ಮೆಂಟ್ ಕಚೇರಿಯಲ್ಲಿ ಬೇರೆಯಾಗಿ ಕೇಳಬೇಕು. ಗುಣಮಟ್ಟದ ಮಾನ್ಯತೆಯಲ್ಲಿ ನ್ಯಾಕ್ ಇಡೀ ಸಂಸ್ಥೆಗೆ, ಎನ್‌ಬಿಎ ಒಂದೊಂದು ಬ್ರಾಂಚಿಗೆ. ತುಮಕೂರಿನ ಆ ಬ್ರಾಂಚಿಗೆ ಎನ್‌ಬಿಎ ಇದೆಯೇ ನೋಡಿ. ಮಗಳಿಗೆ ಎಂ.ಟೆಕ್ ಆಸೆ ಇದ್ದರೆ ಗೇಟ್ (ಎಂ.ಟೆಕ್ ಪ್ರವೇಶದ ರಾಷ್ಟ್ರಮಟ್ಟದ ಪರೀಕ್ಷೆ) ಅಂಕವೇ ಮುಖ್ಯ. ಮೂರನೇ ವರ್ಷದಲ್ಲೇ ಬರೆಯಬಹುದು, ಅದರ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವೂ ಇದೆ.

ಕೊನೆಯದಾಗಿ ಸಿಇಟಿ. ಬೆಂಗಳೂರಿನ ಅದೇ ಕಾಲೇಜಿನಲ್ಲಿ ಸಿಇಟಿಯ ಸರ್ಕಾರಿ ಸೀಟೂ ಇರುತ್ತದೆ. ಒಂದೇ ತರಗತಿ, ಒಂದೇ ಬೆಂಚು, ಶುಲ್ಕ ಮಾತ್ರ ಕಾಮೆಡ್-ಕೆಗಿಂತ ಬಹಳ ಕಡಿಮೆ. ಮುಂದಿನ ಸುತ್ತಿನಲ್ಲಿ ಅದು ಸಿಕ್ಕರೆ ಈ ಲೆಕ್ಕವನ್ನೆಲ್ಲ ಹೊಸದಾಗಿ ಹಾಕಿ, ಆಗ ಬೆಂಗಳೂರೇ ಸರಿಯಾಗಬಹುದು. ತುಮಕೂರಿನವರು ಯಾವ ಕೋಟಾದಲ್ಲಿ ಸೇರಿಸಿಕೊಳ್ಳುತ್ತಾರೆ ಎಂದೂ ಕೇಳಿ. ಸರ್ಕಾರಿ ವಿದ್ಯಾರ್ಥಿವೇತನಗಳಲ್ಲಿ ಕೆಲವು ಮ್ಯಾನೇಜ್‌ಮೆಂಟ್ ಸೀಟಿಗೆ ಇಲ್ಲ. ರೈತರ ಮಕ್ಕಳಿಗಿರುವ ರೈತ ವಿದ್ಯಾನಿಧಿಯಲ್ಲಿ ಬಿ.ಇ. ಓದುವ ಹುಡುಗಿಗೆ ವರ್ಷಕ್ಕೆ 11,000 ನಿಗದಿಯಾಗಿದೆ, ಅದಕ್ಕೆ ನಿಮ್ಮ ಫ್ರೂಟ್ಸ್ (ರೈತರ ನೋಂದಣಿ) ಗುರುತಿನ ಸಂಖ್ಯೆ ಬೇಕು.

ಪ್ರಶ್ನೆ: ಸಿಇಟಿ ಮೊದಲ ಸುತ್ತಿನಲ್ಲಿ ನನಗೆ ಕೋಲಾರ ಜಿಲ್ಲೆಯ ಒಂದು ಕಾಲೇಜಿನಲ್ಲಿ ಎಸ್‌ಎನ್‌ಕ್ಯೂ ಸೀಟು ಸಿಕ್ಕಿದೆ. ಅದಕ್ಕಿಂತ ಮೇಲೆ ಬೆಂಗಳೂರಿನ ಒಂಬತ್ತು ಕಾಲೇಜು ಹಾಕಿದ್ದೆ. ಛಾಯ್ಸ್ 2 (ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗುವುದು) ಕೊಟ್ಟರೆ ಈ ಸೀಟು ಹೇಗೂ ಇರುತ್ತದಲ್ಲ?
– ವಿದ್ಯಾರ್ಥಿ, ಮುಳಬಾಗಿಲು

ಉತ್ತರ: ಮೇಲಿನದು ಸಿಗದಿದ್ದರೆ ಇರುತ್ತದೆ. ಒಂಬತ್ತರಲ್ಲಿ ಯಾವುದೊಂದು ಸಿಕ್ಕರೂ ಕೋಲಾರದ ಸೀಟು ತಾನಾಗಿ ರದ್ದಾಗುತ್ತದೆ, ಬೇಕೆಂದರೂ ಮರಳದು.

ಎಸ್‌ಎನ್‌ಕ್ಯೂ ಎಂದರೆ ಮಂಜೂರಾದ ಸೀಟುಗಳ ಮೇಲೆ ಶೇ. 5ರಷ್ಟು ಹೆಚ್ಚುವರಿ ಸೀಟು, ಕುಟುಂಬದ ಆದಾಯ 8 ಲಕ್ಷದೊಳಗಿರುವವರಿಗೆ ಬೋಧನಾ ಶುಲ್ಕವಿಲ್ಲದೆ. ನಿಮ್ಮ ಮೇಲಿನ ಆಯ್ಕೆ ಸಾಮಾನ್ಯ ಸೀಟಾಗಿ ಸಿಕ್ಕಿದರೆ ಪೂರ್ತಿ ಶುಲ್ಕ ಕಟ್ಟಬೇಕು. ಆದ್ದರಿಂದ ಛಾಯ್ಸ್ 2 ಒತ್ತುವ ಮೊದಲು ಒಂಬತ್ತನ್ನೂ ಒಂದೊಂದಾಗಿ ನೋಡಿ: ‘ಇದು ಪೂರ್ತಿ ಶುಲ್ಕಕ್ಕೆ ಸಿಕ್ಕರೆ ಕೋಲಾರ ಬಿಟ್ಟು ಹೋಗುತ್ತೇನೆಯೇ?’ ಇಲ್ಲ ಎನಿಸಿದ್ದನ್ನು ಆಪ್ಶನ್ ತಿದ್ದಲು ಬಿಟ್ಟಾಗ ಅಳಿಸಿ. ಒಂದೂ ಉಳಿಯದಿದ್ದರೆ ಛಾಯ್ಸ್ 1, ಅಂದರೆ ಸಿಕ್ಕ ಸೀಟನ್ನೇ ಒಪ್ಪಿ ಸೇರುವುದು. ಛಾಯ್ಸ್ 3 ನಿಮಗೆ ಬೇಡವೇ ಬೇಡ, ಅದು ಕೈಯಲ್ಲಿರುವ ಸೀಟನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವವರಿಗೆ. ಛಾಯ್ಸ್ 4 ಎಂದರೆ ಸಿಇಟಿಗೇ ಕೈಮುಗಿದಂತೆ. ಇನ್ನೊಂದು ಮಾತು: ಈ ಶುಲ್ಕ ಮನ್ನಾ ಸೀಟಿನಲ್ಲಿ ಸೇರಿದ ಮೇಲೆ ಕಾಲೇಜಾಗಲಿ ಬ್ರಾಂಚಾಗಲಿ ಬದಲಿಸಲು ಅವಕಾಶವಿಲ್ಲ.

ಪ್ರಶ್ನೆ: ಮಗನನ್ನು ಬೆಂಗಳೂರಿನ ಖಾಸಗಿ ಪದವಿ ಕಾಲೇಜಿಗೆ ಬಿ.ಕಾಂ.ಗೆ ಸೇರಿಸಿ 60,000 ಕಟ್ಟಿದ್ದೇವೆ. ಈಗ ಚಿಕ್ಕಬಳ್ಳಾಪುರದ ಸರ್ಕಾರಿ ಕಾಲೇಜಿನಲ್ಲೇ ಸೀಟು ಇದೆ. ಅವರು ಹಣವನ್ನೂ ಕೊಡುತ್ತಿಲ್ಲ, ಮೂಲ ಅಂಕಪಟ್ಟಿಯನ್ನೂ ಇಟ್ಟುಕೊಂಡಿದ್ದಾರೆ.
– ಗೃಹಿಣಿ, ಚಿಕ್ಕಬಳ್ಳಾಪುರ

ಉತ್ತರ: ಮೂಲ ಅಂಕಪಟ್ಟಿ ಇಟ್ಟುಕೊಳ್ಳುವಂತೆಯೇ ಇಲ್ಲ, ಪರಿಶೀಲಿಸಿ ಆಗಲೇ ಹಿಂತಿರುಗಿಸಬೇಕು. ಹಣದ ವಿಷಯದಲ್ಲಿ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮ ದಿನ ಎಣಿಸುತ್ತದೆ. ಪ್ರವೇಶಕ್ಕೆ ಪ್ರಕಟಿಸಿದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಇರುವಾಗ ಬಿಟ್ಟರೆ ಪೂರ್ತಿ ಹಣ (ಶೇ. 5, ಗರಿಷ್ಠ 5,000 ಹಿಡಿದುಕೊಳ್ಳಬಹುದು), 15 ದಿನಕ್ಕಿಂತ ಕಡಿಮೆ ಇದ್ದರೆ ಶೇ. 90. ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, 16ರಿಂದ 30 ದಿನಕ್ಕೆ ಶೇ. 50, ಆಮೇಲೆ ಏನೂ ಇಲ್ಲ. 15 ದಿನ ಅಥವಾ ಹೆಚ್ಚು ಇರುವಾಗಲೇ ಬಿಟ್ಟರೆ ನಿಮ್ಮ 60,000ಕ್ಕೆ ಶೇ. 5 ಎಂದರೆ 3,000, ಅಷ್ಟೇ ಹಿಡಿಯಬಹುದು.

ಬಾಯಿಮಾತಿನಲ್ಲಿ ಕೇಳುತ್ತ ದಿನ ಕಳೆಯಬೇಡಿ, ಲೆಕ್ಕಕ್ಕೆ ಬರುವುದು ಲಿಖಿತ ಅರ್ಜಿಯ ದಿನಾಂಕ. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ, ಜೊತೆಗೆ ಕಾಲೇಜಿನ ಇಮೇಲಿಗೂ ಅದೇ ದಿನ ಕಳಿಸಿ. 15 ದಿನದೊಳಗೆ ಹಣ ಬರಬೇಕು. ಬರದಿದ್ದರೆ ಯುಜಿಸಿಯ ಇ-ಸಮಾಧಾನ್ ಜಾಲತಾಣದಲ್ಲಿ ದೂರು ಹಾಕಿ, ಶುಲ್ಕದ ರಸೀದಿ ಮತ್ತು ಸ್ವೀಕೃತಿಯ ಪ್ರತಿ ಲಗತ್ತಿಸಿ. ಕಾಲೇಜು ಸೇರಿರುವ ವಿಶ್ವವಿದ್ಯಾಲಯದ ಕುಲಸಚಿವರಿಗೂ ಒಂದು ಪ್ರತಿ ಹೋಗಲಿ. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಅಲ್ಲಿಯವರೆಗೆ ಜೆರಾಕ್ಸ್ ಪ್ರತಿ ಮತ್ತು ಮುಚ್ಚಳಿಕೆ ಪತ್ರ ಕೊಟ್ಟು ಸೇರಿಸಿಕೊಳ್ಳುತ್ತಾರೆಯೇ ಎಂದು ಇವತ್ತೇ ಪ್ರಾಂಶುಪಾಲರನ್ನು ಕೇಳಿ, ಅಲ್ಲಿನ ಕೊನೆಯ ದಿನ ಮೀರಬಾರದು.