ಮೇಷ್ಟ್ರಿಗೊಂದು ಪ್ರಶ್ನೆ: ಸಂಧಿ, ಸಂದಿ, ಸಂಕ್ರಾಂತಿ

ಈ ಸಲದ ಅಂಚೆಯಲ್ಲಿ ಅರ್ಧಕ್ಕರ್ಧ ಪತ್ರಗಳು ‘ಎರಡು ಅಂಕದ ಪ್ರಶ್ನೆಗೆ ಎಷ್ಟು ಸಾಲು ಬರೀಬೇಕು ಮೇಷ್ಟ್ರೇ’ ಎಂಬ ಧಾಟಿಯವು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟೂ ಆ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿಲ್ಲ. ಅವನ್ನು ಪಕ್ಕಕ್ಕಿಟ್ಟು ಉಳಿದವನ್ನು ನೋಡೋಣ.

ಪ್ರಶ್ನೆ: ಜಲಸಂಧಿ, ಭೂಸಂಧಿ ಎರಡೂ ಪ್ರತಿ ಸಲ ನನಗೆ ಅದಲುಬದಲಾಗುತ್ತವೆ. ನೆನಪಿಟ್ಟುಕೊಳ್ಳಲು ಏನಾದರೂ ಉಪಾಯ ಇದೆಯಾ?
(ಒಂಬತ್ತನೇ ತರಗತಿ ವಿದ್ಯಾರ್ಥಿನಿ, ರಾಣೆಬೆನ್ನೂರು)

ಕನ್ನಡ ಪಿರಿಯಡ್‌ನಲ್ಲಿ ಲೋಪ, ಆಗಮ, ಆದೇಶ ಅಂತ ಬಾಯಿಪಾಠ ಮಾಡಿದ್ದೀಯಲ್ಲ, ಅದೇ ಸಂಧಿ ಇದು. ಸಂಧಿ ಅಂದರೆ ಕೂಡುವುದು. ಮುಂದೆ ಯಾವ ಪದ ಇದೆಯೋ ಕೂಡಿಸುವ ಕೆಲಸ ಅದರದ್ದು. ಜಲಸಂಧಿಯಲ್ಲಿ ಎರಡು ಸಮುದ್ರಗಳನ್ನು ನೀರು ಕೂಡಿಸುತ್ತದೆ, ಭೂಸಂಧಿಯಲ್ಲಿ ಎರಡು ದೊಡ್ಡ ನೆಲಗಳನ್ನು ಒಂದು ಸಣ್ಣ ನೆಲ ಕೂಡಿಸುತ್ತದೆ. ಅಷ್ಟೂ ಮರೆತರೆ ಮಾತಿನಲ್ಲಿ ಬಳಸುವ ‘ಸಂದಿ’ಯನ್ನು ನೆನೆಸಿಕೋ. ಎರಡು ಮನೆಗಳ ನಡುವೆ ಒಬ್ಬರೇ ಅಡ್ಡ ತಿರುಗಿ ನುಸುಳುವ ಸಂದಿ ಇರುತ್ತದಲ್ಲ, ಜಲಸಂಧಿ ಎಂದರೆ ನೀರು ಹಾಗೆ ನುಸುಳುವ ಜಾಗ.

ಕೆಲವು ಸಂದಿಗಳು ನಿಜಕ್ಕೂ ಕಿರಿದು. ಸ್ಪೇನ್ ಮತ್ತು ಮೊರಾಕ್ಕೊ ನಡುವಿನ ಜಿಬ್ರಾಲ್ಟರ್ ಜಲಸಂಧಿ ತೀರಾ ಇಕ್ಕಟ್ಟಾದ ಕಡೆ ಸುಮಾರು 14 ಕಿ.ಮೀ. ಕ್ರಿ.ಶ. 711ರಲ್ಲಿ ಅದನ್ನು ದಾಟಿ ಸ್ಪೇನಿಗೆ ಸೈನ್ಯ ತಂದವನು ತಾರಿಕ್. ಅರಬ್ಬಿಯ ‘ಜಬಲ್ ತಾರಿಕ್’, ಅಂದರೆ ತಾರಿಕನ ಬೆಟ್ಟ, ಜನರ ಬಾಯಲ್ಲಿ ಸವೆದು ಜಿಬ್ರಾಲ್ಟರ್ ಆಯಿತು. ಇಸ್ತಾಂಬುಲ್ ಪಕ್ಕದ ಬಾಸ್ಫರಸ್ ಒಂದು ಕಡೆ ಬರೀ 700 ಮೀಟರ್. ಇನ್ನು ನಮಗೂ ಶ್ರೀಲಂಕಾಕ್ಕೂ ನಡುವಿನ ಪಾಕ್ ಜಲಸಂಧಿಯನ್ನು ಪಾಕಿಸ್ತಾನದ ಹತ್ತಿರ ಗುರುತಿಸಿದ ಉತ್ತರ ಪತ್ರಿಕೆಗಳನ್ನು ನಾನು ಲೆಕ್ಕವಿಲ್ಲದಷ್ಟು ತಿದ್ದಿದ್ದೇನೆ. ಅದು ರಾಬರ್ಟ್ ಪಾಕ್ ಎಂಬವನ ಹೆಸರು. ಹದಿನೆಂಟನೇ ಶತಮಾನದಲ್ಲಿ ಮದ್ರಾಸಿನ ಗವರ್ನರ್ ಆಗಿದ್ದವನು.

ಭೂಸಂಧಿಗೆ ಎರಡೇ ಉದಾಹರಣೆ ಸಾಕು: ಸೂಯೆಜ್ ಮತ್ತು ಪನಾಮ. ಎರಡನ್ನೂ ಮನುಷ್ಯ ಕಡಿದು ನೀರು ಹರಿಸಿದ್ದಾನೆ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಪನಾಮದ್ದು 1914ರಲ್ಲಿ. ಸೂಯೆಜ್‌ನಲ್ಲಿ ಎರಡೂ ಕಡೆಯ ಸಮುದ್ರ ಹೆಚ್ಚುಕಡಿಮೆ ಒಂದೇ ಮಟ್ಟ, ಹಡಗು ನೇರ ಸಾಗುತ್ತದೆ. ಪನಾಮದಲ್ಲಿ ನಡುವೆ ಗುಡ್ಡ. ಅಲ್ಲಿ ನೀರಿನ ತೊಟ್ಟಿಯಲ್ಲಿ ಹಡಗನ್ನು ನಿಲ್ಲಿಸಿ, ನೀರು ತುಂಬಿ, ಮೆಟ್ಟಿಲು ಮೆಟ್ಟಿಲಾಗಿ ಸುಮಾರು 26 ಮೀಟರ್ ಮೇಲೆತ್ತಿ ಕೆರೆಗೆ ಬಿಡುತ್ತಾರೆ. ಆಚೆ ಬದಿಯಲ್ಲಿ ಹಾಗೆಯೇ ಇಳಿಸುತ್ತಾರೆ.

ಪನಾಮದ ವಿಷಯದಲ್ಲಿ ನಾನೇ ಒಮ್ಮೆ ಮುಗ್ಗರಿಸಿದ್ದೆ. ಬೋರ್ಡಿನ ಮೇಲೆ ನಕ್ಷೆ ಬರೆದು, ‘ಅಟ್ಲಾಂಟಿಕ್ ಪೂರ್ವಕ್ಕೆ, ಪೆಸಿಫಿಕ್ ಪಶ್ಚಿಮಕ್ಕೆ, ಹಾಗಾಗಿ ಹಡಗು ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತೆ’ ಎಂದು ಗತ್ತಿನಿಂದ ಬಾಣದ ಗುರುತು ಎಳೆದೆ. ಹಿಂದಿನ ಬೆಂಚಿನ ಹುಡುಗ, ದಿನಾ ನಿದ್ದೆ ಮಾಡುತ್ತಿದ್ದವನು, ಅಟ್ಲಾಸ್ ಎತ್ತಿಕೊಂಡು ಬಂದು ‘ಸಾರ್, ಇಲ್ಲಿ ಉಲ್ಟಾ ಐತಿ’ ಅಂದ. ಇಣುಕಿ ನೋಡಿದೆ. ಪನಾಮದ ನೆಲ ಮಲಗಿದ ಹಾವಿನಂತೆ ಬಾಗಿದೆ. ಅಟ್ಲಾಂಟಿಕ್ ಕಡೆಯ ಬಾಯಿ ವಾಯವ್ಯಕ್ಕಿದೆ, ಪೆಸಿಫಿಕ್ ಕಡೆಯ ಬಾಯಿ ಆಗ್ನೇಯಕ್ಕಿದೆ. ಅಂದರೆ ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಹೋಗುವ ಹಡಗು ಅಲ್ಲಿ ಪೂರ್ವಕ್ಕೆ ಸರಿಯುತ್ತದೆ! ಡಸ್ಟರ್ ತಗೊಂಡು ಬಾಣವನ್ನು ನಾನೇ ಒರೆಸಿದೆ. ಆ ಹುಡುಗ ಆಮೇಲೆ ನನ್ನ ಪಿರಿಯಡ್‌ನಲ್ಲಿ ನಿದ್ದೆ ಮಾಡಲಿಲ್ಲ, ಇನ್ನೊಂದು ತಪ್ಪು ಸಿಕ್ಕೀತೆಂದು ಕಾಯುತ್ತಿದ್ದ.

ಪ್ರಶ್ನೆ: 1453ರಲ್ಲಿ ಟರ್ಕರು ಕಾನ್‌ಸ್ಟಾಂಟಿನೋಪಲ್ ವಶಪಡಿಸಿಕೊಂಡರು, ಆದ್ದರಿಂದ ಯುರೋಪಿಯನ್ನರು ಭಾರತಕ್ಕೆ ಜಲಮಾರ್ಗ ಹುಡುಕಿದರು ಎಂದು ಓದಿದ್ದೇವೆ. ಎಲ್ಲೋ ಒಂದು ಊರು ಬಿದ್ದರೆ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಯಾಕೆ ಬರಬೇಕು?
(ಹತ್ತನೇ ತರಗತಿ ವಿದ್ಯಾರ್ಥಿ, ತರೀಕೆರೆ)

ಭೇಷ್. ಈ ಪ್ರಶ್ನೆ ಕೇಳುವವರು ಕಡಿಮೆ.

ಮೊದಲು ಊರು ನೋಡು. ಮೇಲೆ ಹೇಳಿದ 700 ಮೀಟರ್ ಸಂದಿ ಇದೆಯಲ್ಲ, ಅದರ ಬಾಯಲ್ಲೇ ಕೂತ ಊರು, ಈಗಿನ ಇಸ್ತಾಂಬುಲ್. ನೀರಿನಲ್ಲಿ ಕಪ್ಪು ಸಮುದ್ರದಿಂದ ಮೆಡಿಟರೇನಿಯನ್‌ಗೆ, ನೆಲದಲ್ಲಿ ಏಷ್ಯಾದಿಂದ ಯುರೋಪಿಗೆ, ಹೇಗೆ ಹೋಗುವವರೂ ಅದರ ಮುಂದೆ ಹಾಯಬೇಕು. ಐದನೇ ಶತಮಾನದಲ್ಲಿ ಕಟ್ಟಿದ ಅದರ ಕೋಟೆ ಸಾವಿರ ವರ್ಷ ಒಂದರ ಹಿಂದೊಂದು ಮುತ್ತಿಗೆ ತಡೆದಿತ್ತು. ಇಪ್ಪತ್ತೊಂದು ವರ್ಷದ ಸುಲ್ತಾನ ಎರಡನೇ ಮೆಹಮದ್ ದೈತ್ಯ ಫಿರಂಗಿಗಳನ್ನು ತಂದು ಅದಕ್ಕೆ ಬಡಿದ. ಬಂದರಿನ ಬಾಯಿಗೆ ಊರಿನವರು ಅಡ್ಡಲಾಗಿ ಕಬ್ಬಿಣದ ಸರಪಳಿ ಬಿಗಿದಿದ್ದರು. ಮೆಹಮದ್ ಏನು ಮಾಡಿದ ಗೊತ್ತಾ? ಹಡಗುಗಳನ್ನು ನೀರಿನಿಂದ ಎತ್ತಿಸಿ, ಕೊಬ್ಬು ಸವರಿದ ಮರದ ದಿಮ್ಮಿಗಳ ಮೇಲೆ ಗುಡ್ಡ ಹತ್ತಿಸಿ ಎಳೆಸಿ, ಸರಪಳಿಯ ಆಚೆ ನೀರಿಗಿಳಿಸಿದ. ಮೇ 29ಕ್ಕೆ ಊರು ಬಿತ್ತು. ಈ ಕಥೆ ಹೇಳುವ ದಿನ ನನ್ನ ತರಗತಿಯಲ್ಲಿ ಬೆಲ್ ಹೊಡೆದರೂ ಯಾರೂ ಏಳುತ್ತಿರಲಿಲ್ಲ.

ಈಗ ನಿನ್ನ ‘ಯಾಕೆ’. ಊರು ಬಿತ್ತು, ದಾರಿ ಮುಚ್ಚಿತು, ಹಡಗು ಹೊರಟಿತು ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಲೆಕ್ಕ ತಾಳೆಯಾಗುವುದಿಲ್ಲ. ಪೋರ್ಚುಗೀಸರು ಆಫ್ರಿಕಾದ ಸೂಟಾ ಪಟ್ಟಣ ಹಿಡಿದದ್ದು 1415ರಲ್ಲಿ, ಬೊಜಡೋರ್ ಭೂಶಿರ ದಾಟಿ ದಕ್ಷಿಣಕ್ಕೆ ಇಳಿದದ್ದು 1434ರಲ್ಲಿ. ಆಗಿನ್ನೂ ಕಾನ್‌ಸ್ಟಾಂಟಿನೋಪಲ್ ಬಿದ್ದಿರಲೇ ಇಲ್ಲ. ಕಾಳುಮೆಣಸಿನ ದೊಡ್ಡ ಪಾಲು ಹೋಗುತ್ತಿದ್ದುದೂ ಬೇರೆ ದಾರಿಯಲ್ಲಿ. ಮಲಬಾರಿನಿಂದ ಅರಬ್ಬರ ಹಡಗಿನಲ್ಲಿ ಕೆಂಪು ಸಮುದ್ರ, ಅಲ್ಲಿಂದ ಈಜಿಪ್ಟಿನ ಅಲೆಕ್ಸಾಂಡ್ರಿಯಾ, ಅಲ್ಲಿ ಕೊಳ್ಳುವವರು ವೆನಿಸ್‌ನವರು. ಟರ್ಕರು ಈಜಿಪ್ಟನ್ನು ಗೆದ್ದದ್ದು 1517ರಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟಿದ್ದು 1498ರಲ್ಲಿ. ವರ್ಷಗಳನ್ನು ಸಾಲಾಗಿ ಬರೆದುಕೋ, ನಿನಗೇ ಕಾಣುತ್ತದೆ.

ಹಾಗಾದರೆ ಯಾಕೆ ಬಂದ? ದಲ್ಲಾಳಿಗಳ ಕಾಟಕ್ಕೆ. ಅಡಿಕೆ ಮಂಡಿಗೆ ಹೋಗಿಬಂದ ನಿನ್ನ ತಂದೆಯನ್ನು ಕೇಳು, ಗಿಡದ ಬುಡದ ಬೆಲೆಗೂ ಕೊನೆಗೆ ತಿನ್ನುವವನು ಕೊಡುವ ಬೆಲೆಗೂ ನಡುವೆ ಎಷ್ಟು ಕೈ ಇರುತ್ತದೆ ಅಂತ. ಮೆಣಸು ಕೈಯಿಂದ ಕೈಗೆ ದಾಟಿದಂತೆಲ್ಲ ಸುಂಕ, ಲಾಭ ಏರುತ್ತಿತ್ತು. ಯುರೋಪಿನ ಪಶ್ಚಿಮದ ತುದಿಯಲ್ಲಿದ್ದ ಪೋರ್ಚುಗಲ್‌ಗೆ ಅದು ತಲುಪುವಾಗ ಆ ಸಾಲಿನ ಕಟ್ಟಕಡೆಯ ಬೆಲೆ. ನೇರ ಬಳ್ಳಿಯ ಬುಡಕ್ಕೇ ಹೋಗೋಣ ಅಂದುಕೊಂಡರು. ಬಂದವರು ನಮ್ಮ ಕರಾವಳಿಯನ್ನೂ ಬಿಡಲಿಲ್ಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ಕರೆದದ್ದು ‘ರೈನಾ ದ ಪಿಮೆಂಟಾ’, ಮೆಣಸಿನ ರಾಣಿ ಎಂದು. 1453ರ ಪೆಟ್ಟು ಸುಳ್ಳಲ್ಲ, ಕಪ್ಪು ಸಮುದ್ರದ ವ್ಯಾಪಾರಕ್ಕೆ ಅದು ಬಿಸಿ ಮುಟ್ಟಿಸಿತು. ಆದರೆ ಆ ಹೊತ್ತಿಗೆ ಪೋರ್ಚುಗೀಸರ ಹಡಗು ಹೊರಟಾಗಿತ್ತು. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದಲ್ಲಿದ್ದದ್ದನ್ನೇ ಬರಿ ಮಾರಾಯ, ಅಂಕ ಹೋದರೆ ನನ್ನ ಮೇಲೆ ಬರಬೇಡ.

ಪ್ರಶ್ನೆ: ರಷ್ಯಾದ ಅಕ್ಟೋಬರ್ ಕ್ರಾಂತಿಯ ದಿನ ನವೆಂಬರ್ 7 ಅಂತೆ. ಅಚ್ಚಿನ ತಪ್ಪೇ?
(ವಿದ್ಯಾರ್ಥಿನಿ, ಪುತ್ತೂರು)

ನಿಮ್ಮ ಜಿಲ್ಲೆಯವರಿಗೆ ಇದು ಸುಲಭವಾಗಿ ಅರ್ಥವಾಗಬೇಕು. ಘಟ್ಟದ ಮೇಲೆ ಚಾಂದ್ರಮಾನ ಯುಗಾದಿಗೆ ಬೇವು ಬೆಲ್ಲ ಮುಗಿದು ಹೋಳಿಗೆ ಅರಗಿದ ಮೇಲೆ ನೀವು ಏಪ್ರಿಲ್ ನಡುವಿನಲ್ಲಿ ಬಿಸು ಕಣಿ ಇಡುತ್ತೀರಿ. ಇಬ್ಬರದ್ದೂ ಹೊಸ ವರ್ಷವೇ, ಪಂಚಾಂಗ ಬೇರೆ. ರಷ್ಯಾ 1917ರಲ್ಲೂ ಹಳೆಯ ಜೂಲಿಯನ್ ಪಂಚಾಂಗವನ್ನೇ ಹಿಡಿದುಕೊಂಡಿತ್ತು. ಅದರಲ್ಲಿ ವರ್ಷಕ್ಕೆ ಸುಮಾರು 11 ನಿಮಿಷ ಹೆಚ್ಚು. ನಿಮಿಷಗಳು ಕೂಡಿ ಕೂಡಿ 1582ರಲ್ಲಿ ಪೋಪ್ ಗ್ರೆಗರಿ ಸರಿಪಡಿಸುವಾಗ 10 ದಿನ ಆಗಿದ್ದವು, 1917ರ ಹೊತ್ತಿಗೆ 13. ಅಕ್ಟೋಬರ್ 25ಕ್ಕೆ 13 ಸೇರಿಸು, ನವೆಂಬರ್ 7. ಮರುವರ್ಷ ರಷ್ಯಾ ಹೊಸ ಪಂಚಾಂಗಕ್ಕೆ ಬಂತು: ಅಲ್ಲಿನ ಜನ 1918ರ ಜನವರಿ 31ರ ರಾತ್ರಿ ಮಲಗಿ ಎದ್ದದ್ದು ಫೆಬ್ರುವರಿ 14ಕ್ಕೆ!

ಪ್ರಶ್ನೆ: ಅರಬ್ ದೇಶಗಳು ನಮಗೆ ಪಶ್ಚಿಮಕ್ಕಿವೆ. ಅವನ್ನು ‘ಮಧ್ಯಪ್ರಾಚ್ಯ’ ಅನ್ನುವುದು ಯಾಕೆ?
(ಬಿ.ಎಡ್. ವಿದ್ಯಾರ್ಥಿ, ಕಲಬುರಗಿ)

ಲಂಡನ್ನಿನಲ್ಲಿ ಕೂತು ನೋಡಿದವರು ಇಟ್ಟ ಹೆಸರು. ಅವರಿಗೆ ಅದು ಪೂರ್ವ, ಚೀನಾ ಜಪಾನ್ ‘ದೂರಪ್ರಾಚ್ಯ’. ನಮ್ಮ ವಿದೇಶಾಂಗ ಸಚಿವಾಲಯ ‘ಪಶ್ಚಿಮ ಏಷ್ಯಾ’ ಎನ್ನುತ್ತದೆ, ನೀವೂ ಮಕ್ಕಳಿಗೆ ಹಾಗೆಯೇ ಹೇಳಿಕೊಡಿ.

ಪ್ರಶ್ನೆ: ಸೂರ್ಯ ಮಕರ ಸಂಕ್ರಾಂತಿ ವೃತ್ತದ ನೆತ್ತಿಗೆ ಬರುವುದು ಡಿಸೆಂಬರ್ 22ರ ಸುಮಾರಿಗೆ ಎಂದು ಪುಸ್ತಕದಲ್ಲಿದೆ. ನಾವು ಎಳ್ಳು ಬೀರುವುದು ಜನವರಿ 14 ಅಥವಾ 15ಕ್ಕೆ. ಯಾವುದು ಸರಿ? ನಮ್ಮಜ್ಜಿ ಪುಸ್ತಕ ತಪ್ಪು ಅನ್ನುತ್ತಾರೆ.
(ಎಂಟನೇ ತರಗತಿ ವಿದ್ಯಾರ್ಥಿ, ಮೇಲುಕೋಟೆ)

ನಿಮ್ಮಜ್ಜಿಯೂ ಸರಿ, ಪುಸ್ತಕವೂ ಸರಿ. ಹೆಸರು ಮಾತ್ರ ಹಳತಾಗಿದೆ.

ಭೂಮಿ ಬುಗುರಿಯಂತೆ ತಿರುಗುತ್ತದೆ ಎಂದು ಹೇಳಿಕೊಡುತ್ತಾರಲ್ಲ, ಬುಗುರಿ ತಿರುಗುತ್ತಲೇ ಅದರ ತಲೆ ನಿಧಾನಕ್ಕೆ ತೂಗಾಡುವುದನ್ನೂ ನೋಡಿರುತ್ತೀಯ. ಭೂಮಿಯ ಅಕ್ಷಕ್ಕೂ ಆ ತೂಗಾಟ ಇದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಹಾಗಾಗಿ ದಿನ ತೀರಾ ಚಿಕ್ಕದಾಗುವ ಹೊತ್ತಿಗೆ ಸೂರ್ಯನ ಹಿಂದೆ ಇರುವ ನಕ್ಷತ್ರಗಳು ಸುಮಾರು 72 ವರ್ಷಕ್ಕೆ ಒಂದು ಡಿಗ್ರಿಯಂತೆ ಜಾರುತ್ತವೆ. ಆ ವೃತ್ತಕ್ಕೆ ಮಕರದ ಹೆಸರು ಬಿದ್ದ ಪ್ರಾಚೀನ ಕಾಲದಲ್ಲಿ ಡಿಸೆಂಬರಿನ ಆ ದಿನ ಸೂರ್ಯ ನಿಜವಾಗಿಯೂ ಮಕರ ರಾಶಿಯಲ್ಲಿದ್ದ. ಈಗ ಸುಮಾರು 24 ಡಿಗ್ರಿ ಜಾರಿದೆ, ಅಂದರೆ ಸುಮಾರು 24 ದಿನ. ಡಿಸೆಂಬರ್ 22ರಿಂದ ಎಣಿಸಿಕೊಂಡು ಬಾ, ಎಳ್ಳು ಬೆಲ್ಲದ ಹತ್ತಿರ ಬರುತ್ತೀಯ.

ಡಿಸೆಂಬರ್ 22ಕ್ಕೆ ಸೂರ್ಯ ಯಾವ ರಾಶಿಯಲ್ಲಿರುತ್ತಾನೆ ಎಂದು ನಿಮ್ಮೂರಿನವರಿಗೆ ಬೇರೆ ಹೇಳಬೇಕಾಗಿಲ್ಲ. ಆ ಚಳಿಯಲ್ಲಿ ನಸುಕಿಗೇ ದೇವಸ್ಥಾನದಲ್ಲಿ ಬಿಸಿ ಹುಗ್ಗಿ ಹಂಚುವ ತಿಂಗಳ ಹೆಸರೇನು? ಧನುರ್ಮಾಸ. ಸೂರ್ಯ ಧನುವಿನಲ್ಲಿ. ಅಜ್ಜಿಯ ಪಂಚಾಂಗ ನಕ್ಷತ್ರ ನೋಡಿ ಲೆಕ್ಕ ಹಾಕುತ್ತದೆ, ಪುಸ್ತಕ ನೆರಳು ನೋಡಿ ಲೆಕ್ಕ ಹಾಕುತ್ತದೆ. ಸಂಕ್ರಾಂತಿಯ ತಾರೀಖೂ ಇದೇ ಜಾರಾಟದಿಂದ ಮೆಲ್ಲಗೆ ಮುಂದೆ ಹೋಗುತ್ತಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ, ಆ ವರ್ಷ, 1863ರಲ್ಲಿ, ಅದು ಬಿದ್ದದ್ದು ಜನವರಿ 12ಕ್ಕೆ.

ನೆರಳಿನ ಮಾತು ಬಂತು ಅಂತ ಒಂದು ಕೆಲಸ ಕೊಡುತ್ತೇನೆ. ಕರ್ನಾಟಕ ಪೂರ್ತಿ ಎರಡು ಸಂಕ್ರಾಂತಿ ವೃತ್ತಗಳ ನಡುವೆ ಇರುವುದರಿಂದ ವರ್ಷಕ್ಕೆ ಎರಡು ಸಲ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರ ಬರುತ್ತಾನೆ. ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ 24ರ ಆಸುಪಾಸು ಮತ್ತೆ ಆಗಸ್ಟ್ 18ರ ಸುಮಾರಿಗೆ, ನಿಮ್ಮಲ್ಲಿ ಅದಕ್ಕಿಂತ ಒಂದು ದಿನ ಆಚೆ ಈಚೆ. ನಾನು ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ, ಮುರಿದ ಕೊಳಾಯಿ ಪೈಪಿನ ತುಂಡನ್ನು ಚಪ್ಪಡಿ ಕಲ್ಲಿನ ಮೇಲೆ ನೆಟ್ಟಗಿಟ್ಟು ತೋರಿಸುತ್ತಿದ್ದೆ. ಹನ್ನೆರಡೂಕಾಲಿನ ಹೊತ್ತಿಗೆ ನೆರಳು ಕುಗ್ಗಿ ಕುಗ್ಗಿ ಪೈಪಿನ ಬುಡಕ್ಕೆ ಸೇರಿ ಮಾಯ. ಪೈಪಿನೊಳಗೆ ಇಣುಕಿದರೆ ತಳದಲ್ಲಿ ದುಂಡನೆ ಬಿಸಿಲು, ನಾಣ್ಯದ ಹಾಗೆ. ಹನ್ನೆರಡಕ್ಕೇ ಅಲ್ಲ, ಹನ್ನೆರಡೂಕಾಲಿಗೆ ಯಾಕೆ ಅಂತ ಅಜ್ಜಿಯೂ ನೀನೂ ಕೂತು ಯೋಚಿಸಿ ಬರೆದು ಕಳಿಸಿ. ಸುಳಿವು: ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ, ನೀವಿರುವುದು ಅದರ ಪಶ್ಚಿಮಕ್ಕೆ.