ಮೂವತ್ತು ಜನಕ್ಕೆ ಪುಳಿಯೋಗರೆ, ಒಲೆಯಿಲ್ಲದ ಪಿಜಿಗೆ ಅವಲಕ್ಕಿ

ಪ್ರಶ್ನೆ: ಅಕ್ಕಾ, ಮಗನ ಮೊದಲ ಹುಟ್ಟುಹಬ್ಬಕ್ಕೆ ಮೂವತ್ತು ಜನ ಸೇರುತ್ತಾರೆ. ಅಡುಗೆಯವರಿಗೆ ಹೇಳುವಷ್ಟು ದೊಡ್ಡ ಕಾರ್ಯಕ್ರಮವಲ್ಲ. ಮಗುವನ್ನು ಎತ್ತಿಕೊಂಡೇ ಎಲ್ಲ ಮಾಡಬೇಕು. ಏನು ಮಾಡಲಿ? – ಓದುಗರು, ತಿಪಟೂರು

ಪುಳಿಯೋಗರೆ ಮಾಡಿ. ಪಲಾವ್ ಬೇಡ, ಪೂರಿ ಅಂತೂ ಬೇಡವೇ ಬೇಡ. ಪೂರಿ ಕರಿಯುವವಳು ಮಗುವಿಗೆ ಆರತಿ ಎತ್ತುವ ಹೊತ್ತಿಗೂ ಬಾಣಲೆ ಮುಂದೆಯೇ ಇರುತ್ತಾಳೆ. ನೆಂಟರು ಬರುವ ಹೊತ್ತಿಗೆ ಒಲೆ ಆರಿರಬೇಕು ಅನ್ನುವುದು ನಮ್ಮತ್ತೆಯ ಕಟ್ಟಪ್ಪಣೆ. ನಾನೂ ಅದನ್ನೇ ಪಾಲಿಸುತ್ತೇನೆ.

ಗೊಜ್ಜನ್ನು ಹಿಂದಿನ ದಿನವೇ, ಮಗು ಮಲಗಿದ ಮೇಲೆ ಮಾಡಿಡಿ. ಒಂದು ರಾತ್ರಿ ಕಳೆದರೆ ಹುಳಿ, ಖಾರ, ಬೆಲ್ಲ ಹೊಂದಿಕೊಂಡು ರುಚಿ ಇನ್ನೂ ಜಾಸ್ತಿಯಾಗುತ್ತದೆ. ಜೊತೆಗೆ ಕೋಸಂಬರಿ, ಮೊಸರನ್ನ, ಒಂದು ಸಿಹಿ ಇದ್ದರೆ ಎರಡೂವರೆ ಕೆಜಿ ಸೋನಾ ಮಸೂರಿ ಸಾಕು. ಅಷ್ಟು ಅಕ್ಕಿಗೆ ಕಾಲು ಕೆಜಿ ಹುಣಸೆಹಣ್ಣು, ನೂರೈವತ್ತು ಗ್ರಾಂ ಬೆಲ್ಲ, ಕಾಲು ಲೀಟರ್ ಎಳ್ಳೆಣ್ಣೆ. ಎಣ್ಣೆಯಲ್ಲಿ ಜಿಪುಣತನ ಮಾಡಬೇಡಿ, ಅನ್ನ ಒಣಗಿ ಗಂಟಲಿಗೆ ಹಿಡಿಯುತ್ತದೆ.

ಪುಡಿಗೆ ನೂರು ಗ್ರಾಂ ಕೊತ್ತಂಬರಿ ಬೀಜ, ಎರಡು ಚಮಚ ಜೀರಿಗೆ, ಒಂದು ಚಮಚ ಮೆಣಸು, ಎರಡು ಚಮಚ ಮೆಂತ್ಯ, ಮೂವತ್ತು ಬ್ಯಾಡಗಿ ಮೆಣಸಿನಕಾಯಿ. ಎಲ್ಲವನ್ನೂ ಬೇರೆ ಬೇರೆಯಾಗಿ ಹುರಿಯಿರಿ. ಮೆಂತ್ಯ ಕೆಂಪಾಗುತ್ತಿದ್ದಂತೆ ಇಳಿಸಿಬಿಡಿ, ಕಪ್ಪಾದರೆ ಪೂರ್ತಿ ಗೊಜ್ಜು ಕಹಿ. ಮಕ್ಕಳೂ ತಿನ್ನುತ್ತಾರಲ್ವಾ, ಅದಕ್ಕೇ ಬ್ಯಾಡಗಿ ಹೇಳಿದ್ದು: ಬಣ್ಣ ಕೊಡುತ್ತದೆ, ಖಾರ ಕಡಿಮೆ. ನೂರು ಗ್ರಾಂ ಕರಿ ಎಳ್ಳನ್ನು ಎಣ್ಣೆ ಹಾಕದೆ ಚಟಪಟ ಅನ್ನುವವರೆಗೆ ಹುರಿದು, ಅರ್ಧ ಗಿಟುಕು ಕೊಬ್ಬರಿಯ ಜೊತೆ ಬೇರೆಯಾಗಿ ಪುಡಿ ಮಾಡಿ. ತಿಪಟೂರಿನವರಿಗೆ ಕೊಬ್ಬರಿ ಹೇಗೆ ಆರಿಸಬೇಕು ಅಂತ ನಾನು ಹೇಳಿಕೊಡುವುದೇನಿದೆ!

ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿ. ದಪ್ಪ ತಳದ ಸ್ಟೀಲ್ ಪಾತ್ರೆ ಅಥವಾ ಕಲಾಯಿ ಮಾಡಿದ ಹಿತ್ತಾಳೆ ಪಾತ್ರೆ ಇಡಿ. ಅಲ್ಯೂಮಿನಿಯಂ ಬೇಡ, ಹುಳಿ ಆ ಲೋಹವನ್ನೇ ತಿನ್ನುತ್ತದೆ. ಎಣ್ಣೆ ಕಾಯಿಸಿ ಸಾಸಿವೆ, ಕಡಲೆಬೇಳೆ, ಇಂಗು, ಕರಿಬೇವು ಹಾಕಿ, ಹುಣಸೆ ರಸ, ಅರಿಶಿನ, ಉಪ್ಪು, ಬೆಲ್ಲ ಸೇರಿಸಿ ಸಣ್ಣ ಉರಿಯಲ್ಲಿ ಕುದಿಸಿ. ರಸ ಗಟ್ಟಿಯಾಗಿ ಎಣ್ಣೆ ಬದಿಗೆ ಬಿಟ್ಟುಕೊಂಡಾಗ ಕೊತ್ತಂಬರಿ ಪುಡಿಯಲ್ಲಿ ಅರ್ಧ ಹಾಕಿ ಇಳಿಸಿ. ಅನ್ನಕ್ಕೆ ಬೇಕಾದ ಉಪ್ಪೂ ಇದರಲ್ಲೇ ಇರಬೇಕು. ಹಾಗಾಗಿ ಗೊಜ್ಜು ನೆಕ್ಕಿದರೆ ಉಪ್ಪು, ಹುಳಿ ಎರಡೂ ಜೋರಾಗಿ ಹೊಡೆಯಬೇಕು. ಹೆದರಿ ನೀರು ಸೇರಿಸಬೇಡಿ.

ಬೆಳಿಗ್ಗೆ ಅಕ್ಕಿಯ ಎರಡರಷ್ಟು ನೀರಿಟ್ಟು, ಎರಡು ಮೂರು ಸಲವಾಗಿ ಅನ್ನ ಮಾಡಿ. ಹರಿವಾಣದಲ್ಲಿ ಹರಡಿ, ಎರಡು ಚಮಚ ಎಳ್ಳೆಣ್ಣೆ ಹಾಕಿ ಪೂರ್ತಿ ಆರಲು ಬಿಡಿ. ಊಟಕ್ಕೆ ಎರಡು ಗಂಟೆ ಮುಂಚೆ ಗೊಜ್ಜು, ಉಳಿದ ಪುಡಿ, ಎಳ್ಳು ಕೊಬ್ಬರಿ ಹಾಕಿ ಕೈಯಲ್ಲೇ ಕಲಸಿ, ಸೌಟು ತಿರುಗಿಸಿದರೆ ಅಗುಳು ಮುರಿಯುತ್ತದೆ. ಗೊಜ್ಜನ್ನು ಒಮ್ಮೆಗೇ ಸುರಿಯದೆ ರುಚಿ ನೋಡಿಕೊಂಡು ಹಾಕಿ. ಹುರಿದ ಕಡಲೆಕಾಯಿ ಬೀಜ ಬಡಿಸುವಾಗ ಮಾತ್ರ. ಮೇಲುಕೋಟೆಯಲ್ಲಿ ಪುಳಿಯೋಗರೆ ತಿಂದವರು ನಿಮ್ಮ ಮನೆಗೂ ಬಂದು ‘ಅಲ್ಲಿನ ಥರ ಇಲ್ಲ’ ಅನ್ನಬಹುದು. ಅನ್ನಲಿ ಬಿಡಿ. ಎರಡನೇ ಸಲ ಹಾಕಿಸಿಕೊಳ್ಳುತ್ತಾರಾ ನೋಡಿ.

ಪ್ರಶ್ನೆ: ಹುಬ್ಬಳ್ಳಿಯವಳು, ಬೆಂಗಳೂರಿನ ಪಿಜಿಯಲ್ಲಿದ್ದೇನೆ. ಆಫೀಸಿನಲ್ಲಿ ಎಲ್ಲರೂ ಮನೆಯ ತಿಂಡಿ ತರಬೇಕಂತೆ. ನನಗೆ ಒಲೆಯೇ ಇಲ್ಲ. – ಓದುಗರು, ಬೆಂಗಳೂರು

ಹುಬ್ಬಳ್ಳಿಯ ಹುಡುಗಿ ಹಳೇ ಮೈಸೂರಿನವಳನ್ನು ಕೇಳುವುದಾ! ಹಚ್ಚಿದ ಅವಲಕ್ಕಿ ಇದೆಯಲ್ಲಮ್ಮ. ಅಮ್ಮನಿಗೆ ಫೋನ್ ಮಾಡಿ ಮೆಂತ್ಯಹಿಟ್ಟು, ಖಾರದಪುಡಿ ತರಿಸಿಕೊಳ್ಳಿ. ಪೇಪರ್ ಅವಲಕ್ಕಿಗೆ ಅವೆರಡು, ಉಪ್ಪು, ಚೂರು ಸಕ್ಕರೆ, ಹಸಿ ಕಡಲೆಕಾಯಿ ಎಣ್ಣೆ ಹಾಕಿ ಕೈಯಲ್ಲಿ ಹಚ್ಚಿ. ಈರುಳ್ಳಿ, ಕೊತ್ತಂಬರಿ ಸೊಪ್ಪು, ಕಾಯಿತುರಿ ಬೇರೆ ಡಬ್ಬಿಯಲ್ಲಿರಲಿ, ತಿನ್ನುವ ಹೊತ್ತಿಗೆ ಬೆರೆಸಿ. ಮೊದಲೇ ಬೆರೆಸಿದರೆ ಮೆತ್ತಗಾಗುತ್ತದೆ. ಹತ್ತು ಹನ್ನೆರಡು ಜನಕ್ಕೆ ಅರ್ಧ ಕೆಜಿ ಅವಲಕ್ಕಿ ಧಾರಾಳ.

ಪ್ರಶ್ನೆ: ಕೋಸಂಬರಿ ಬಡಿಸುವ ಹೊತ್ತಿಗೆ ನೀರು ನೀರಾಗುತ್ತದೆ. ಏಕೆ? – ಓದುಗರು, ಚನ್ನರಾಯಪಟ್ಟಣ

ಉಪ್ಪು ಬಿದ್ದ ತಕ್ಷಣ ಸೌತೆಕಾಯಿ ನೀರು ಬಿಡುತ್ತದೆ. ಎಲೆ ಹಾಕಿದ ಮೇಲೆ ಉಪ್ಪು, ನಿಂಬೆರಸ ಹಾಕಿ. ಹೆಸರುಬೇಳೆ ಒಂದು ಗಂಟೆ ನೆಂದರೆ ಸಾಕು. ಚೆನ್ನಾಗಿ ಬಸಿದು ಹಾಕಿ.

ಪ್ರಶ್ನೆ: ಇಲ್ಲಿ ಯುಗಾದಿಗೆ ಕನ್ನಡದ ಹತ್ತು ಮನೆಯವರು ಸೇರಿ ಪಾಟ್‌ಲಕ್ ಮಾಡುತ್ತೇವೆ. ಹೋದ ವರ್ಷ ಐದು ಮನೆಯಿಂದ ಚಿತ್ರಾನ್ನವೇ ಬಂತು! ಈ ಸಲ ನಾನು ಏನು ತರಲಿ? – ಓದುಗರು, ಡಲ್ಲಾಸ್

ಐದು ಚಿತ್ರಾನ್ನ! ಮಾವಿನಕಾಯಿಯದ್ದು ಒಂದಾದರೂ ಇತ್ತಾ? ನೀವು ಮೊಸರನ್ನ ತನ್ನಿ. ‘ಇದನ್ನೇನು ಒಯ್ಯುವುದು’ ಅಂತ ಯಾರೂ ತರುವುದಿಲ್ಲ, ಆದರೆ ಒಬ್ಬಟ್ಟು ತಿಂದ ಮೇಲೆ ಎಲ್ಲರೂ ಹುಡುಕುವುದು ಅದನ್ನೇ.

ಒಂದು ಕೆಜಿ ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಮಸೆದು, ಕಾಯಿಸಿದ ಹಾಲು ಎರಡು ಲೀಟರ್ ಬೆರೆಸಿ. ತೆಳ್ಳಗೆ ಕಂಡರೂ ಪರವಾಗಿಲ್ಲ, ಅನ್ನ ಹಾಲನ್ನು ಕುಡಿದುಕೊಳ್ಳುತ್ತದೆ. ಉಗುರುಬೆಚ್ಚಗಾದ ಮೇಲೆ ಒಂದು ಬಟ್ಟಲು ಮೊಸರು, ಉಪ್ಪು. ಪಾತ್ರೆಯಲ್ಲೇ ನಿಧಾನವಾಗಿ ಹೆಪ್ಪಾಗುತ್ತದೆ, ಮೂರು ನಾಲ್ಕು ಗಂಟೆಯಲ್ಲಿ ಊಟಕ್ಕೆ ಹದ. ಪೂರ್ತಿ ಮೊಸರಿನಲ್ಲೇ ಕಲಸಿದರೆ ಅಷ್ಟು ಹೊತ್ತಿಗೆ ಹುಳಿ ಬಂದಿರುತ್ತದೆ. ಊಟ ಇನ್ನೂ ತಡವಾಗುವುದಿದ್ದರೆ ಫ್ರಿಜ್‌ನಲ್ಲಿಡಿ. ಸಾಸಿವೆ, ಶುಂಠಿ, ಹಸಿಮೆಣಸಿನಕಾಯಿ ಒಗ್ಗರಣೆ ಆರಿದ ಮೇಲೆ ಹಾಕಿ. ದಾಳಿಂಬೆ ಬಡಿಸುವಾಗ.

ಇನ್ನೊಂದು. ವಾರ ಮೊದಲೇ ಒಬ್ಬರು ಫೋನ್ ಹಿಡಿದು ಯಾರ ಮನೆಯಿಂದ ಏನು ಅಂತ ಬರೆದುಕೊಳ್ಳಲಿ. ಚಿತ್ರಾನ್ನಕ್ಕೆ ಒಂದೇ ಮನೆ. ಉಳಿದ ನಾಲ್ವರಿಗೆ ಬೇವುಬೆಲ್ಲ, ಪಲ್ಯ, ಹಪ್ಪಳ, ಮಜ್ಜಿಗೆ ಹಂಚಿ. ಅಡುಗೆ ಬಾರದವರು ತಟ್ಟೆ, ಲೋಟ ತರಲಿ.